ಸಿಂಗಾಪುರದ ಪಾರ್ಟ್ನರ್, ಕ್ಲೀವ್‌ಲ್ಯಾಂಡ್‌ನ ಬಾಡಿಗೆ ಮನೆಗಳು: ನನ್ನ ಅನುಭವ

ಸಿಂಗಾಪುರದಲ್ಲಿರೋ ಹಳೇ ಸಹೋದ್ಯೋಗಿ ಜೊತೆ ಸೇರಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬಾಡಿಗೆಗೆ ಕೊಡೋಕೆ ಡ್ಯೂಪ್ಲೆಕ್ಸ್ (ಎರಡು ಸಂಸಾರದ ಮನೆ) ತಗೋತೀನಿ ಅಂದಾಗ ಈ ಲೈನ್‌ನಲ್ಲಿರೋ ನಮ್ಮವರೆಲ್ಲ ಹೇಳಿದ್ದು ಒಂದೇ, ಬೇಡ ಕಣಪ್ಪ, ಟ್ಯಾಕ್ಸ್ ಪೇಪರ್‌ನಲ್ಲೇ ಹೈರಾಣಾಗಿ ಹೋಗ್ತೀಯ. ಈಗ ನಾಲ್ಕು ಮನೆ, ಏಳು ಡೋರ್ (ಬಾಡಿಗೆ ಯೂನಿಟ್), ಎಲ್ಲಾ ತುಂಬಿದೆ. ಬೇಡ ಅಂದವರಲ್ಲೇ ಇಬ್ಬರು ಹೋದ ತಿಂಗಳು ಫೋನ್ ಮಾಡಿ ಅಗ್ರೀಮೆಂಟ್ ಕಾಪಿ ಕೇಳಿದ್ರು, ಅದಕ್ಕೇ ಬರೀತಾ ಇದೀನಿ.

ಮೊದಲನೇ ಡೀಲ್ ಪೂರ್ತಿ ಮುರಿದುಬಿತ್ತು. 35% ಡೌನ್ ಪೇಮೆಂಟ್ ಕೈಯಿಂದ ಹಾಕಿ, ವಿದೇಶಿಯರಿಗೆ ಕೊಡೋ ಫಾರಿನ್ ನ್ಯಾಷನಲ್ ಲೋನ್ ತಗೊಳ್ಳೋ ಪ್ಲಾನ್. ಕ್ಲೋಸಿಂಗ್‌ಗೆ, ಅಂದ್ರೆ ಮನೆ ನಮ್ಮ ಹೆಸರಿಗೆ ಆಗೋಕೆ, ಒಂದು ವಾರ ಇದೆ ಅನ್ನುವಾಗ ಲೆಂಡರ್ ಕೈ ಎತ್ತಿಬಿಟ್ಟ, ಯಾಕಂದ್ರೆ ದುಡ್ಡು ಪಾರ್ಟ್ನರ್ ಅಕೌಂಟ್‌ನಿಂದ ಬರದೆ ಅವರ ಅಣ್ಣನ ಅಕೌಂಟ್‌ನಿಂದ ವೈರ್ ಆಗಿತ್ತು. ಅಣ್ಣ ತಮ್ಮ ಅನ್ನೋದಕ್ಕೆಲ್ಲ ಅಲ್ಲಿ ಬೆಲೆ ಇಲ್ಲ, ದುಡ್ಡಿನ ಮೂಲ ತೋರಿಸಿ ಅಂತಾರೆ ಅಷ್ಟೇ. ಅರ್ನೆಸ್ಟ್ ಮನಿ (ಮುಂಗಡ) 5,000 ಡಾಲರ್ ಹೋಯ್ತು, ಅದನ್ನ ನಾನೇ ತುಂಬಿಕೊಟ್ಟೆ. ಆವತ್ತು ಹಾಗೆ ಮಾಡಿದ್ದಕ್ಕೇ ಅವರು ಇವತ್ತಿಗೂ ನನ್ನ ಜೊತೆ ಇದಾರೆ ಅಂತ ನನ್ನ ನಂಬಿಕೆ.

ಆಮೇಲೆ ದಾರಿ ಬದಲಾಯಿಸಿದೆ. ತಗೊಳ್ಳುವಾಗ ಲೋನೇ ಬೇಡ, ಅವರ ದುಡ್ಡಲ್ಲಿ ನಮ್ಮಿಬ್ಬರ ಕಂಪನಿ (ಎಲ್‌ಎಲ್‌ಸಿ) ಹೆಸರಲ್ಲಿ ಕ್ಯಾಶ್ ಕೊಟ್ಟು ತಗೊಳ್ಳೋದು, ರಿಪೇರಿ, ಬಾಡಿಗೆದಾರರು, ಆರು ತಿಂಗಳು ಕಳೆದ ಮೇಲೆ ಡಿಎಸ್‌ಸಿಆರ್ ಲೋನ್‌ನಲ್ಲಿ (ಬಾಡಿಗೆ ಆದಾಯ ನೋಡಿ ಕೊಡೋ ಸಾಲ) ರಿಫೈನಾನ್ಸ್, ಅಂದ್ರೆ ಮನೆ ಮೇಲೆ ಸಾಲ ತಗೊಂಡು ಹಾಕಿದ ದುಡ್ಡು ಹೊರಗೆ ತೆಗೆಯೋದು. ಮೊದಲನೇದು 95 ಸಾವಿರ ಡಾಲರ್‌ಗೆ ಬಂತು, ರಿಪೇರಿಗೆ 30 ಸಾವಿರದ ಹತ್ತಿರ ಹೋಯ್ತು, ಅದರಲ್ಲಿ ದೊಡ್ಡ ಪಾಲು ಕಿಟಕಿಗಳಿಗೆ, ಯಾಕಂದ್ರೆ 1978ಕ್ಕಿಂತ ಹಳೇ ಮನೆ, ಲೆಡ್ ಪೇಂಟ್ (ಸೀಸದ ಬಣ್ಣ) ಇತ್ತು, ಕ್ಲೀವ್‌ಲ್ಯಾಂಡ್‌ನಲ್ಲಿ ಅಂಥ ಹಳೇ ಮನೇನ ಲೆಡ್ ಸೇಫ್ ಸರ್ಟಿಫಿಕೇಟ್ ಇಲ್ದೆ ಬಾಡಿಗೆಗೆ ಕೊಡೋ ಹಾಗಿಲ್ಲ. ಅಪ್ರೇಸಲ್ (ಮನೆಯ ಬೆಲೆಯ ಅಂದಾಜು) 165 ಸಾವಿರ ಬಂತು, 115 ಸಾವಿರ ಲೋನ್ ಸಿಕ್ತು, ಬಡ್ಡಿ ರೇಟ್ 7.75% ಇರಬೇಕು. ಅವರು ಹಾಕಿದ್ದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ವಾಪಸ್ ಬಂತು, ಅದೇ ದುಡ್ಡು ಎರಡನೇ ಮನೆಗೆ ಹೋಯ್ತು. ಅವರಿಗೆ ಇಲ್ಲಿ ಕ್ರೆಡಿಟ್ ಸ್ಕೋರೇ ಇಲ್ಲ, ಆದ್ರೂ ಲೆಂಡರ್ ನನ್ನೊಬ್ಬನ ಗ್ಯಾರಂಟಿ ಮೇಲೆ ಒಪ್ಪಿಕೊಂಡ. ಅದಕ್ಕೆ ಆಪರೇಟಿಂಗ್ ಅಗ್ರೀಮೆಂಟ್‌ನಲ್ಲಿ (ನಮ್ಮಿಬ್ಬರ ಕಂಪನಿಯ ಒಪ್ಪಂದ) ಒಂದು ಷರತ್ತು ಇದೆ, ಅದನ್ನ ಇಲ್ಲಿ ಬರೆಯಲ್ಲ, ಮೂವರು ಲಾಯರ್‌ಗೆ ದುಡ್ಡು ಕೊಟ್ಟು ಮಾಡಿಸಿದ್ದು.

ಪಾಲು ಹೀಗೆ, ಮೊದಲು ಅವರ ದುಡ್ಡಿಗೆ ವರ್ಷಕ್ಕೆ 6%, ಉಳಿದಿದ್ದರಲ್ಲಿ ಅವರಿಗೆ 60 ನನಗೆ 40. ಶುರುವಲ್ಲಿ ಫಿಫ್ಟಿ ಫಿಫ್ಟಿ ಅಂತ ನಾನೇ ಹಠ ಹಿಡಿದಿದ್ದೆ, ಅದೇ ಮಾತಲ್ಲಿ ಎರಡು ತಿಂಗಳು ವೇಸ್ಟ್.

ಟ್ಯಾಕ್ಸ್ ವಿಷಯಕ್ಕೆ ಬರ್ತೀನಿ, ಎಲ್ಲರೂ ಹೆದರೋದು ಇಲ್ಲೇ. ಮೊದಲ ವರ್ಷ ಅಕೌಂಟೆಂಟ್ ಅವರ ಪಾಲಿನ ಒಟ್ಟು ಬಾಡಿಗೆ ಮೇಲೆ 30% ಟ್ಯಾಕ್ಸ್ ಹಿಡಿದುಬಿಟ್ರು, ಖರ್ಚು ಕಳೆಯೋ ಮಾತೇ ಇಲ್ಲ, ಸುಮಾರು 2,200 ಡಾಲರ್. ಸಿಂಗಾಪುರದ ಜೊತೆ ಅಮೆರಿಕಕ್ಕೆ ಇನ್‌ಕಮ್ ಟ್ಯಾಕ್ಸ್ ಒಪ್ಪಂದವೂ ಇಲ್ಲ, ಹಾಗಾಗಿ ಆ ಕಡೆಯಿಂದ ರಿಯಾಯಿತಿ ಸಿಗಲ್ಲ. ಪಾರ್ಟ್ನರ್ ಮೂರು ವಾರ ಸರಿಯಾಗಿ ಮಾತಾಡ್ಲಿಲ್ಲ. ಅಕೌಂಟೆಂಟ್ ಬದಲಾಯಿಸಿದೆ. ಹೊಸಬರು 871(ಡಿ) ಎಲೆಕ್ಷನ್ (ಟ್ಯಾಕ್ಸ್ ಕಾನೂನಲ್ಲಿರೋ ಒಂದು ಆಯ್ಕೆ) ಮಾಡಿಸಿದ್ರು, ಅಂದ್ರೆ ನೆಟ್ ಆದಾಯದ ಮೇಲೆ ಮಾತ್ರ ಟ್ಯಾಕ್ಸ್. ಬಡ್ಡಿ, ರಿಪೇರಿ, ಇನ್ಶುರೆನ್ಸ್, 27.5 ವರ್ಷದ ಡಿಪ್ರಿಸಿಯೇಷನ್ (ಮನೆಯ ಸವಕಳಿ) ಎಲ್ಲಾ ಕಳೆದ್ರೆ ಉಳಿಯೋದು ಹತ್ತಿರ ಹತ್ತಿರ ಸೊನ್ನೆ. ಹಿಡಿದಿದ್ದ ದುಡ್ಡೂ 1040-ಎನ್‌ಆರ್ (ಅಲ್ಲಿ ವಾಸ ಇಲ್ಲದವರ ಟ್ಯಾಕ್ಸ್ ರಿಟರ್ನ್) ಹಾಕಿದ ಮೇಲೆ ವಾಪಸ್ ಬಂತು, ಆದ್ರೆ ಅದಕ್ಕೆ ಐಟಿಐಎನ್ ಅನ್ನೋ ಟ್ಯಾಕ್ಸ್ ನಂಬರ್ ಬೇಕು, ಅದು ಬರೋಕೆ ಮೂರು ತಿಂಗಳು ಹಿಡೀತು. ಮನೆ ಹುಡುಕೋಕೆ ಮುಂಚೇನೇ ಅರ್ಜಿ ರೆಡಿ ಮಾಡ್ಕೊಳ್ಳಿ, ಪಾಸ್‌ಪೋರ್ಟ್ ಅಂಚೆಗೆ ಹಾಕಬೇಡಿ, ಸರ್ಟಿಫೈ ಮಾಡೋ ಏಜೆಂಟ್ ಹತ್ರ ಹೋಗಿ.

ಇನ್ನೊಂದು, ಯಾರೂ ಹೇಳಲ್ಲ ಇದನ್ನ. ನಾನೇನಾದ್ರೂ ಸತ್ತು ಹೋದ್ರೆ ಏನಾಗುತ್ತೆ ಅಂತ ಪಾರ್ಟ್ನರ್ ಒಂದಿನ ಕೇಳಿದ್ರು. ಇಲ್ಲಿ ವಾಸ ಇಲ್ಲದ ವಿದೇಶಿಯರಿಗೆ ಎಸ್ಟೇಟ್ ಟ್ಯಾಕ್ಸ್ (ಸತ್ತವರ ಆಸ್ತಿ ಮೇಲಿನ ತೆರಿಗೆ) ವಿನಾಯಿತಿ ಬರೀ 60,000 ಡಾಲರ್, ಅದರ ಮೇಲೆ 40%ವರೆಗೂ ಹೋಗುತ್ತೆ. ಅವರ ಕಡೆ 2008ರಲ್ಲೇ ಎಸ್ಟೇಟ್ ಡ್ಯೂಟಿ ತೆಗೆದುಹಾಕಿದ್ದಾರೆ, ಹಾಗಾಗಿ ನಂಬೋಕೇ ತಯಾರಿರಲಿಲ್ಲ. ಹೊರಗಡೆ ಕಂಪನಿ ಮಾಡಿ ಅದರ ಮೂಲಕ ಇಟ್ಕೊಳ್ಳಿ ಅಂದ್ರು ಲಾಯರ್, ವರ್ಷದ ಖರ್ಚು ಲೆಕ್ಕ ಹಾಕಿದ್ರೆ ನಾಲ್ಕು ಮನೆಗೆ ಗಿಟ್ಟಲ್ಲ. ಕೊನೆಗೆ ಅವರು ಒಂದು ಟರ್ಮ್ ಇನ್ಶುರೆನ್ಸ್ ತಗೊಂಡ್ರು, ನಮ್ಮ ಸೈಜ್‌ಗೆ ಅದು ಸಾಕು.

ಮಧ್ಯದಲ್ಲಿ ಒಂದು ಯೂನಿಟ್ ಏರ್‌ಬಿಎನ್‌ಬಿಗೆ ಬಿಟ್ಟು ನೋಡಿದೆ, ಕ್ಲೀನಿಂಗ್‌ಗೇ ಎಲ್ಲಾ ಹೋಯ್ತು, ಐದು ತಿಂಗಳಿಗೆ ನಿಲ್ಲಿಸಿದೆ. ಸೆಕ್ಷನ್ 8 ವೋಚರ್ (ಕಡಿಮೆ ಆದಾಯದವರ ಬಾಡಿಗೆಗೆ ಸರ್ಕಾರ ಕೊಡೋ ನೆರವು) ಮಾತ್ರ ಚೆನ್ನಾಗಿ ಕೈಹಿಡೀತು, ಇನ್‌ಸ್ಪೆಕ್ಷನ್ ಎರಡು ಸಲ ಫೇಲ್ ಆದ್ರೂ ಆಮೇಲೆ ಬಾಡಿಗೆಯ ಸರ್ಕಾರದ ಪಾಲು ಒಂದು ತಿಂಗಳೂ ತಪ್ಪಿಲ್ಲ.

ಈಗ ಐದನೇದಕ್ಕೆ ಆಫರ್ ಹಾಕಿದೀವಿ. ಗುರುವಾರ ಇನ್‌ಸ್ಪೆಕ್ಷನ್, ಸೀವರ್ ಲೈನ್‌ಗೆ (ಒಳಚರಂಡಿ ಪೈಪ್) ಕ್ಯಾಮೆರಾ ಬಿಡಿಸ್ತಾ ಇದೀನಿ, ಎರಡನೇ ಮನೇಲಿ ಆ ಖರ್ಚು ಉಳಿಸೋಕೆ ಹೋಗಿ 7 ಸಾವಿರ ಡಾಲರ್ ಕಳ್ಕೊಂಡಿದೀನಿ.