ಕಪ್ಪೆ ಯಾವ ಪುಟದಲ್ಲಿ ಹೊರಬರಬೇಕು?

ತುಮಕೂರಿನಲ್ಲಿ ಕೂತು ಕಾಮಿಕ್ಸ್ ಬರೆಯುತ್ತೇನೆ, ಬೇರೆಯವರು ಬರೆದದ್ದನ್ನು ತಿದ್ದುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: "ಚಿತ್ರನೂ ನೀವೇ ಬಿಡಿಸ್ತೀರಾ?" ಇಲ್ಲ, ಅದು ಚಿತ್ರಕಾರರ ಕೆಲಸ. ಯಾವ ಚೌಕದಲ್ಲಿ ಯಾರಿರಬೇಕು, ಯಾರು ಮಾತಾಡಬೇಕು, ಯಾರು ಸುಮ್ನಿರಬೇಕು ಅನ್ನುವುದು ನನ್ನದು. 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಅವರ ಕೆಲಸವೂ ಬರೆಯುವುದು, ತಿದ್ದುವುದೇ. ಕೃಷ್ಣನ ಕಥೆಗೆ ಚಿತ್ರ ಬರೆದವರು ರಾಮ್ ವಾಯೀರ್‌ಕರ್.

ನಾನು ಈ ಕಸುಬಿಗೆ ಬಂದದ್ದು ಬೆಂಗಳೂರಿನ ಒಂದು ಮಕ್ಕಳ ಪತ್ರಿಕೆಯಲ್ಲಿ ಕರಡು ತಿದ್ದುತ್ತಾ. ದಿನಾ ಬೆಳಗ್ಗೆ ತುಮಕೂರಿನಿಂದ ರೈಲು. ಅಲ್ಲಿ ಬೇರೆ ಭಾಷೆಯ ಕಾಮಿಕ್ಸ್‌ಗಳನ್ನು ಕನ್ನಡಕ್ಕೆ ತರುತ್ತಿದ್ದೆವು. ಮಾತು ತುಂಬುವ ಬಲೂನುಗಳ ಅಳತೆ ಮೊದಲೇ ನಿಗದಿಯಾಗಿಬಿಟ್ಟಿರುತ್ತಿತ್ತು. ಕನ್ನಡದಲ್ಲಿ ಪದ ಉದ್ದ, ಸಾಲದ್ದಕ್ಕೆ ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸು, ತಲೆಕಟ್ಟಿಗೆ ತಾಗುತ್ತದೆ. ಅಕ್ಷರ ಸಣ್ಣದು ಮಾಡೋಣ ಅಂದರೆ ಮಕ್ಕಳಿಗೆ ಓದೋಕಾಗಲ್ಲ. ಉಳಿದದ್ದು ಒಂದೇ ದಾರಿ, ಮಾತು ಕಡಿಮೆ ಮಾಡುವುದು. ರೈಲಿನಲ್ಲಿ ಕೂತು ಪೆನ್ಸಿಲ್ ಹಿಡಿದು ಒಂದೊಂದೇ ಪದ ಹೊಡೆದುಹಾಕುತ್ತಿದ್ದೆ. ತಿದ್ದುವ ಕೆಲಸ ನಾನು ಕಲಿತದ್ದು ಹಾಗೆ.

ಆಮೇಲೆ ಸ್ವಂತ ಕಥೆ ಬರೆಯುವ ಅವಕಾಶ ಸಿಕ್ಕಾಗ ಜಕಣಾಚಾರಿಯನ್ನು ಆರಿಸಿಕೊಂಡೆ. ಗೂಳೂರು ದಾಟಿದರೆ ಅವನ ಊರು ಅನ್ನುವ ಕೈದಾಳ, ನಮ್ಮ ಮಗ್ಗುಲಲ್ಲೇ ಇದೆ. ಕಥೆ ನಿಮಗೆ ಗೊತ್ತೇ ಇರುತ್ತದೆ, ಅಲ್ವಾ? ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ ಒಬ್ಬ ಹುಡುಗ. ದೋಷ ಇದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅನ್ನುತ್ತಾನೆ ಜಕಣ. ವಿಗ್ರಹಕ್ಕೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟರೆ ಕಪ್ಪೆ ಹೊರಗೆ ಬರುತ್ತದೆ.

ಮೊದಲ ಕರಡಿನಲ್ಲಿ ಹುಡುಗನ ಬಲೂನು ಹೀಗಿತ್ತು: "ಅಯ್ಯಾ, ತಾವು ಇಷ್ಟು ಶ್ರಮಪಟ್ಟು ಕೆತ್ತಿರುವ ಈ ವಿಗ್ರಹದ ಕಲ್ಲಿನಲ್ಲಿ ಒಂದು ದೋಷವಿದೆ ಎಂದು ನನಗೆ ತೋರುತ್ತಿದೆ." ಅಚ್ಚಿಗೆ ಹೋದದ್ದು: "ಈ ಕಲ್ಲಲ್ಲಿ ದೋಷ ಇದೆ." ಹುಡುಗನ ವಿನಯವನ್ನು ಚಿತ್ರಕಾರರು ಅವನ ಕೈಯಲ್ಲಿ ತಂದರು. ಒಂದು ಕೈ ಕಲ್ಲಿನ ಮೇಲೆ, ಇನ್ನೊಂದು ಎದೆಯ ಮೇಲೆ.

ಇನ್ನು ಕಪ್ಪೆ. ಪುಸ್ತಕ 32 ಪುಟ. ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ, ಅದನ್ನು ಮಗುಚಿದರೆ ಸಮ ಸಂಖ್ಯೆಯ ಪುಟ. ಹಸಿಯಾಗಿ ಉಳಿದ ಗಂಧ 19ನೇ ಪುಟದ ಕೊನೆಯ ಚೌಕದಲ್ಲಿ ಬರಬೇಕು, ಕಪ್ಪೆ 20ರಲ್ಲಿ. ಎರಡೂ ಎದುರುಬದುರು ಪುಟಗಳಲ್ಲಿ ಬಂದರೆ ಗುಟ್ಟು ರಟ್ಟು. ಹಾಗಾಗಿ ಹಿಂದಿನ ಆರು ಪುಟಗಳನ್ನೇ ಹಿಗ್ಗಿಸಿ ಕುಗ್ಗಿಸಿ ಅಲ್ಲಿಗೆ ತಂದೆವು. ಗಂಧ ಒಣಗುವ ಮೂರು ಚೌಕಗಳಲ್ಲಿ ಮಾತೇ ಇಲ್ಲ. ನೆರಳು ಮಾತ್ರ ಜರುಗುತ್ತದೆ. 20ನೇ ಪುಟಕ್ಕೆ ಒಂದೇ ಚಿತ್ರ, ಮೂಲೆಯಲ್ಲಿ "ಟಣ್!"

ಕೈ ಕತ್ತರಿಸುವುದನ್ನು ತೋರಿಸಬೇಕಾ ಅನ್ನುವ ಬಗ್ಗೆ ಚಿತ್ರಕಾರರಿಗೂ ನನಗೂ ಜೋರು ಚರ್ಚೆಯಾಯಿತು. ಒಂಬತ್ತು ವರ್ಷದ ಮಗು ಓದುತ್ತದೆ. ಹಾಗಂತ ಮುಚ್ಚಿಡುವಂತೆಯೂ ಇಲ್ಲ, ಕಥೆ ನಿಂತಿರುವುದೇ ಆ ಕೈಮೇಲೆ. ಕೊನೆಗೆ ನೆಲದ ಮೇಲೆ ಬಿದ್ದ ಉಳಿ, ಓಡಿ ಬರುತ್ತಿರುವ ಹುಡುಗನ ಮುಖ, ಇಷ್ಟೇ ಉಳಿಸಿಕೊಂಡೆವು.

ಸಂಪಾದಕರಿಗೆ ಜಾಸ್ತಿ ಹೊತ್ತು ಹಿಡಿಯುವುದು ಚಿತ್ರದೊಳಗಿನ ವಸ್ತುಗಳು. ಒಂದು ಚೌಕದಲ್ಲಿ ಬೇಲೂರಿನ ಗುಡಿ ಮುಂದೆ ಎತ್ತರದ ಗೋಪುರ ಬಂದಿತ್ತು. ಈಗ ಅಲ್ಲಿ ಗೋಪುರ ಇರುವುದು ನಿಜ, ಆದರೆ ಅದು ವಿಜಯನಗರದ ಕಾಲದ್ದು. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ತೆಗೆಸಿದೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ತೂಗುತ್ತಿತ್ತು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಅದನ್ನೂ ತೆಗೆಸಿದೆ. ಜಕಣಾಚಾರಿ ಐತಿಹ್ಯದ ಶಿಲ್ಪಿ, ಇತಿಹಾಸದಲ್ಲಿ ಅವನಿಗೆ ಗಟ್ಟಿ ಪುರಾವೆ ಇಲ್ಲ ಅನ್ನುವುದನ್ನೂ ಒಳಪುಟದಲ್ಲಿ ಎರಡು ಸಾಲು ಹಾಕಿದೆವು. ಮಕ್ಕಳಿಗೆ ಅಷ್ಟು ನಿಜ ಹೇಳಲೇಬೇಕು.

ಅಕ್ಷರ ಜೋಡಿಸುವವರ ಬಗ್ಗೆಯೂ ಹೇಳಬೇಕು. ಚಿತ್ರದ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಇದನ್ನು ಮೊದಲು ನೋಡುವ ಕಣ್ಣು ಅವರದೇ. ಬರೆದವರ, ಚಿತ್ರ ಬಿಡಿಸಿದವರ ಪಕ್ಕದಲ್ಲಿ ಅವರ ಹೆಸರೂ ಇರಬೇಕು ಅಂತ ಪ್ರತಿ ಪ್ರಕಾಶಕರ ಹತ್ತಿರವೂ ಹಟ ಹಿಡಿಯುತ್ತೇನೆ.

ಬಣ್ಣ ತುಂಬುವ ಮೊದಲು ಪೆನ್ಸಿಲ್ ಪ್ರತಿಯನ್ನು ಹೊಲಿದು ಹತ್ತಿರದ ಸರ್ಕಾರಿ ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ. ಚೆನ್ನಾಗಿದೆಯಾ ಅಂತ ಕೇಳುವುದಿಲ್ಲ, ಕೇಳಿದರೆ ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ. ಪಕ್ಕದಲ್ಲಿ ಕೂತು ಬೆರಳು ನೋಡುತ್ತೇನೆ. ಓದುತ್ತಾ ಓದುತ್ತಾ ಬೆರಳು ಹಿಂದಿನ ಚೌಕಕ್ಕೆ ಹೋಯಿತೋ, ಅಲ್ಲಿ ಏನೋ ತೊಡಕಿದೆ ಅಂತ ಅರ್ಥ. ಒಂದು ಗುರುತು ಹಾಕಿಕೊಳ್ಳುತ್ತೇನೆ. ಇಬ್ಬರು ಮೂವರು ಮಕ್ಕಳ ಬೆರಳು ಅಲ್ಲೇ ತಡೆದರೆ, ಇನ್ನೊಂದು ಸಾಲು ಸೇರಿಸಿ ವಿವರಿಸಲು ಹೋಗುವುದಿಲ್ಲ. ಚಿತ್ರಕಾರರಿಗೆ ಫೋನ್ ಮಾಡಿ ಆ ಚೌಕವನ್ನೇ ಬೇರೆ ಥರ ಬರೆದುಕೊಡಿ ಅನ್ನುತ್ತೇನೆ.