ಅಜ್ಜನ ಕೋವಿ, ಅಜ್ಜಿಯ ಪೆಟ್ಟಿಗೆ: ಉಜ್ಜುವ ಮುನ್ನ ಓದಿ

ಅಜ್ಜ ತೀರಿಕೊಂಡ ಮೇಲೆ ಮನೆಯವರೆಲ್ಲ ಸೇರಿ ಅಟ್ಟ ಖಾಲಿ ಮಾಡಲು ಕೂರುತ್ತಾರೆ. ಒಬ್ಬರು ಹಿತ್ತಾಳೆ ಉಜ್ಜುತ್ತಾರೆ, ಇನ್ನೊಬ್ಬರು ಹಳೆ ಕಾಗದ ಸುಡುತ್ತಾರೆ, ಮತ್ತೊಬ್ಬರು ಕೋವಿ ಹೆಗಲಿಗೇರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮೂರೂ ತಪ್ಪು. ಕೊನೆಯದಂತೂ ಪ್ರಾಣಕ್ಕೇ ಕುತ್ತು. ಹಾಗಾಗಿ ಕೋವಿಯಿಂದಲೇ ಶುರು ಮಾಡೋಣ.

ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಕೋವಿ ತುಂಬಿದೆ ಎಂದೇ ತಿಳಿಯಿರಿ. 'ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ' ಎನ್ನುವ ಮಾತನ್ನು ನಂಬಬೇಡಿ. ಕೊನೆಗೆ ಮುಟ್ಟಿದವರು ತುಂಬಿಸಿಟ್ಟೇ ಹೋಗಿರಬಹುದು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರ್ ಹತ್ತಿರ ಸುಳಿಯಬಾರದು. ನಡುವೆ ಮಡಚುವ ಜೋಡು ನಳಿಗೆಯದಾದರೆ ಬಗ್ಗಿಸಿದಾಗ ತೋಟೆ (ಕಾರ್ಟ್ರಿಜ್) ಇದೆಯೋ ಇಲ್ಲವೋ ಕಾಣುತ್ತದೆ. ತುಕ್ಕು ಹಿಡಿದು ಬಗ್ಗದಿದ್ದರೆ ಬಲ ಹಾಕಬೇಡಿ, ಬಲ್ಲವರನ್ನು ಕರೆಸಿ.

ಜನ ಎಡವುವುದು ನಳಿಗೆಯ ಬಾಯಿಂದ ಸಿಡಿಮದ್ದು ತುಂಬುವ ಕೇಪಿನ ಕೋವಿಯಲ್ಲಿ. ಕೇಪು ಎಂದರೆ ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಸಣ್ಣ ಲೋಹದ ಟೊಪ್ಪಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗದ, ಕೆಳಗೆ ಕೇಪು ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ತೆಳುವಾದ ಮರದ ಕೋಲೊಂದನ್ನು, ಕಬ್ಬಿಣದ್ದು ಬೇಡವೇ ಬೇಡ, ಪಕ್ಕದಲ್ಲಿ ನಿಂತು ನಿಧಾನವಾಗಿ ನಳಿಗೆಯೊಳಗೆ ಬಿಡಿ. ಅದು ತಾಗಿ ನಿಂತಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಹೊರಗೆ ತೆಗೆಯಿರಿ. ಗೆರೆ ನಳಿಗೆಯ ಬಾಯಿಗೆ ಸರಿಹೊಂದುವಂತೆ ಕೋಲನ್ನು ನಳಿಗೆಯ ಹೊರಗೆ ಒರಗಿಸಿ ನೋಡಿ. ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ಬಾರದಿದ್ದರೆ ಒಳಗೆ ಏನೋ ಇದೆ.

ನಮ್ಮ ಮನೆಯ ಕೋವಿಯಲ್ಲಿ ಕೋಲು ನಾಲ್ಕು ಬೆರಳಿನಷ್ಟು ಮೊದಲೇ ನಿಂತಿತು. ಚಿಕ್ಕವರಿದ್ದಾಗ ಅದೇ ಕೋವಿಯ ಕುದುರೆ ಎಳೆದು ಆಡಿದ್ದೆವು. ಕರಿಮದ್ದು, ಅಂದರೆ ಇಂಥ ಕೋವಿಗೆ ತುಂಬುವ ಹಳೆ ಬಗೆಯ ಸಿಡಿಮದ್ದು, ಒಣಗಿದ್ದಷ್ಟು ಕಾಲ ಕೆಡುವುದಿಲ್ಲ. ಕೆದಕಬೇಡಿ. ಎಣ್ಣೆ ಸುರಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಅದನ್ನು ತೆಗೆಯುವುದು ಕೋವಿ ರಿಪೇರಿ ಬಲ್ಲವರ ಕೆಲಸ.

ಖಾಲಿ ಎಂದು ಖಚಿತವಾದರೂ ಹಾರಿಸಿ ನೋಡುವ ಆಸೆ ಬೇಡ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲದವು. ಹೊಗೆ ಬಾರದ ಮದ್ದು 1884ರಲ್ಲಿ ಫ್ರಾನ್ಸ್‌ನಲ್ಲಿ ಬಂತು; ಈಗಿನ ತೋಟೆಗಳಲ್ಲಿ ಇರುವುದು ಆ ಬಗೆಯದೇ. ಅದರ ಒತ್ತಡಕ್ಕೆ ಹಳೆ ನಳಿಗೆ ಕೈಯಲ್ಲೇ ಸಿಡಿಯಬಹುದು.

ಇನ್ನು ಕಾನೂನು. ಹೆಚ್ಚಿನ ಕಡೆ ಅಜ್ಜನ ಲೈಸೆನ್ಸ್ ಅಜ್ಜನ ಜೊತೆಗೇ ಮುಗಿಯುತ್ತದೆ, ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಕೋವಿಯನ್ನು ಕಾರಿನಲ್ಲಿಟ್ಟುಕೊಂಡು ಠಾಣೆಗೆ ಹೋಗಬೇಡಿ. ಮೊದಲು ಫೋನ್ ಮಾಡಿ ಅವರು ಹೇಳಿದಂತೆ ನಡೆಯಿರಿ. ಹಳೆ ತೋಟೆ ಸಿಕ್ಕರೆ ಅದನ್ನೂ ಹೇಳಿ, ಕಸದ ಬುಟ್ಟಿಗೆ ಹಾಕಬೇಡಿ. ಇಟ್ಟುಕೊಳ್ಳುವುದೋ, ಮಾರುವುದೋ, ಹಾರದಂತೆ ಮಾಡಿಸಿ ಗೋಡೆಗೆ ಹಾಕುವುದೋ, ಮ್ಯೂಸಿಯಮ್ಮಿಗೆ ಕೊಡುವುದೋ ಆಮೇಲಿನ ಮಾತು. ಬಳಸುವವರು ಯಾರೂ ಇಲ್ಲದಿದ್ದರೆ ಇಟ್ಟುಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಯಾವುದನ್ನು ಆರಿಸಿದರೂ ಉಜ್ಜಬೇಡಿ. ಮರಳು ಕಾಗದ ಒಮ್ಮೆ ಆಡಿತೆಂದರೆ ನಳಿಗೆಯ ಕಂದು ಬಣ್ಣವೂ ತಯಾರಕರ ಮುದ್ರೆಯೂ ಹೋದವು, ಜೊತೆಗೆ ಬೆಲೆಯೂ. ಮೆತ್ತನೆ ಬಟ್ಟೆಗೆ ತುಸು ಎಣ್ಣೆ ಸೋಕಿಸಿ ಒರೆಸಿದರೆ ಸಾಕು. ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದಿಟ್ಟು ತುಕ್ಕು ತರುತ್ತದೆ.

ಉಳಿದ ಸಾಮಾನು ಸುಲಭ. ಬೆಳ್ಳಿ, ಹಿತ್ತಾಳೆಗೆ ಒಣ ಬಟ್ಟೆ ಸಾಕು. ತರಿತರಿಯಾದ ಪಾಲಿಶ್ ನಕಾಶೆಯನ್ನೇ ಸವೆಸುತ್ತದೆ. ಕತ್ತಲಲ್ಲಿ ಹೊಳೆಯುವ ಅಂಕಿಗಳ ಹಳೆ ಗಡಿಯಾರವನ್ನು ಬಿಚ್ಚಬೇಡಿ, ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಫೋಟೊಗಳಿಗೆ ಅಂಟುಪಟ್ಟಿ ಬೇಡ. ಬೆಲೆ ಹೇಳುವವರೇ ಕೊಳ್ಳುವವರೂ ಆಗಿರಬಾರದು.

ಹಂಚುವ ಮೊದಲು ಒಂದು ದಿನ ಹಿರಿಯರನ್ನು ಕೂರಿಸಿಕೊಂಡು ಪ್ರತಿ ವಸ್ತುವಿನ ಕಥೆ ಕೇಳಿ. ಯಾರದು, ಯಾವಾಗ ಬಂತು, ಅಜ್ಜಿ ಅದನ್ನು ಯಾವ ದಿನ ಮಾತ್ರ ಹೊರಗೆ ತೆಗೆಯುತ್ತಿದ್ದಳು ಎಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ವಸ್ತುವಿಗೆ ದಾರದಿಂದ ಕಟ್ಟಿ. ಅಂಟು ಬೇಡ.