ಧಕಾರದ ಸೀಳು ಕಾಣುವ ಪರದೆ

ಕೊಪ್ಪಳದ ಜವಾಹರ್ ರಸ್ತೆಯಿಂದ ಒಳಗೆ ಸರಿದ ಓಣಿಯೊಂದರಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ಜನವರಿ ಹತ್ತಿರವಾದರೆ ಗವಿಮಠದ ಜಾತ್ರೆಗೆಂದು ಬರುವ ಹ್ಯಾಂಡ್‌ಬಿಲ್ಲುಗಳು, ಇವೇ ನನ್ನ ಅನ್ನ. ಕಳೆದ ಮಾಘದಲ್ಲಿ ಮುನ್ನೂರು ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ವರನ ತಂದೆ ಒಂದನ್ನು ಬೆಳಕಿಗೆ ಹಿಡಿದು, "ತಂಗಿ, ನನ್ನ ಮಗನ ಹೆಸರು ಸಿದ್ಧೇಶ. ನೀನು ಸಿದ್ದೇಶ ಮಾಡಿದ್ದೀಯಲ್ಲ" ಎಂದರು. ಗವಿಸಿದ್ಧೇಶ್ವರನ ಊರಿನಲ್ಲಿ ಆ ಹೆಸರನ್ನು ತಪ್ಪಾಗಿ ಅಚ್ಚು ಹಾಕಿ ಕೊಟ್ಟೆನಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಾಗದ, ಅಚ್ಚು ಎರಡರ ಖರ್ಚನ್ನೂ ಹೊತ್ತು ಎರಡೇ ದಿನದಲ್ಲಿ ಹೊಸದಾಗಿ ಮಾಡಿಕೊಟ್ಟೆ.

ತಪ್ಪು ನನ್ನದೇ. ಅವಸರದಲ್ಲಿ ದಕ್ಕೆ ದ ಒತ್ತು ಕೊಟ್ಟಿದ್ದೆ. ಅಂದು ಪ್ರಿಂಟರಿನ ಟೋನರ್ ಮುಗಿದಿದ್ದರಿಂದ ಕರಡನ್ನು ಕಾಗದದ ಮೇಲೆ ತೆಗೆಯದೆ ಪರದೆಯ ಮೇಲೆಯೇ ಓದಿದ್ದೆ, ಮೂರು ಸಲ. ಮೂರು ಸಲವೂ ಕಣ್ಣಿಗೆ ಬೀಳದ್ದು ಯಾಕೆ ಎಂದು ಮರುದಿನ ಅದೇ ಕಡತವನ್ನು ತೆರೆದು ನೋಡಿದೆ. ದ್ಧ, ದ್ದ ಎರಡನ್ನೂ ಅಕ್ಕಪಕ್ಕ ಬರೆದೆ. ನನ್ನ ಪರದೆಯಲ್ಲಿ ಎರಡೂ ಒಂದೇ ಆಗಿ ಕಂಡವು. ನನಗೆ ಚಾಳೀಸು ಬಂದಿದೆ, ಕನ್ನಡಕವೂ ಇದೆ. ಹತ್ತನೆಯ ತರಗತಿ ಓದುವ ಮಗಳನ್ನು ಕರೆದು ತೋರಿಸಿದೆ. ಅವಳಿಗೂ ವ್ಯತ್ಯಾಸ ಕಾಣಲಿಲ್ಲ. ಆಗ ಮಾನಿಟರ್ ಬದಲಿಸಬೇಕೆಂದು ನಿರ್ಧರಿಸಿದೆ.

ಕಂಪ್ಯೂಟರನ್ನೇ ಬದಲಿಸಬಹುದಲ್ಲ ಎಂದು ಎಲ್ಲರೂ ಹೇಳಿದರು. ನನ್ನದು 2012ರಲ್ಲಿ ಜೋಡಿಸಿದ ಯಂತ್ರ: ಇಂಟೆಲ್ಲಿನ ಎರಡನೇ ತಲೆಮಾರಿನ ಐ3 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, ವಿಂಡೋಸ್ 7. ನಡುವೆ ಒಂದು ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಹಾಕಿಸಿದ ಮೇಲೆ ಓಟ ಚೆನ್ನಾಗಿಯೇ ಇದೆ. ಅದರಲ್ಲಿ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7 ಇದೆ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಹತ್ತಾರು ವರ್ಷಗಳ ಕಡತಗಳಿವೆ. ಅಣ್ಣನ ಮದುವೆಯ ಪತ್ರಿಕೆ ಮಾಡಿಸಿದವರು ತಮ್ಮನ ಮದುವೆಗೂ "ಅದೇ ನಮೂನೆ ಇರಲಿ" ಎಂದು ಬರುತ್ತಾರೆ. ಆ ಕಡತ ಹಳೆಯ ಯಂತ್ರದಲ್ಲಿ ಐದು ನಿಮಿಷದಲ್ಲಿ ತೆರೆದು ತಿದ್ದಿಕೊಡುವಂಥದ್ದು. ಹೊಸ ಯಂತ್ರದಲ್ಲಿ ಈಗಿನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸಿ, ಚದುರಿದ ಸಾಲುಗಳನ್ನು ಮತ್ತೆ ಕೂಡಿಸಲು ಅರ್ಧ ದಿನ ಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಸುರಕ್ಷತೆಯ ತಿದ್ದುಪಡಿಗಳನ್ನು ನಿಲ್ಲಿಸಿರುವುದರಿಂದ ಈ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಮ್ಯಾಟರ್ ಎಲ್ಲ ಮೊಬೈಲಿಗೆ ಬರುತ್ತದೆ. ಅದನ್ನು ನೋಡಿಕೊಂಡು ಇಲ್ಲಿ ಜೋಡಿಸುತ್ತೇನೆ. ಕೆಲಸ ನಡೆಯುವಷ್ಟು ದಿನ ಅದು ನಡೆಯಲಿ.

ಹಳೆಯ ಪರದೆ 18.5 ಇಂಚಿನದು, ಅಡ್ಡ 1366 ಚುಕ್ಕಿ (ಪಿಕ್ಸೆಲ್), ಉದ್ದ 768 ಚುಕ್ಕಿ. ಮಾನಿಟರ್ ಎಂದರೆ ಇಂಚು ಎಂದೇ ನಾನೂ ತಿಳಿದಿದ್ದೆ. ಲೆಕ್ಕ ಹಾಕಲು ಕುಳಿತಾಗ ನೋಡಬೇಕಾದದ್ದು ಚುಕ್ಕಿಗಳನ್ನು ಎಂದು ಗೊತ್ತಾಯಿತು. ವಿಂಡೋಸ್ ತನ್ನ ಮೂಲ ಅಳತೆಯಲ್ಲಿ ಒಂದು ಇಂಚಿಗೆ 96 ಚುಕ್ಕಿ ಎಂದು ಹಿಡಿಯುತ್ತದೆ. ಆ ಲೆಕ್ಕದಲ್ಲಿ 12 ಪಾಯಿಂಟಿನ ಅಕ್ಷರಕ್ಕೆ ನೂರು ಪ್ರತಿಶತ ನೋಟದಲ್ಲಿ ಸಿಗುವುದು 16 ಚುಕ್ಕಿಗಳ ಎತ್ತರ. ಅದರಲ್ಲಿ ತಲೆಕಟ್ಟು, ಗುಣಿತ, ಮೂಲಾಕ್ಷರ ತಮ್ಮ ಪಾಲು ತೆಗೆದುಕೊಂಡ ಮೇಲೆ ಕೆಳಗಿನ ಒತ್ತಿಗೆ ಉಳಿಯುವುದು ಐದಾರು ಚುಕ್ಕಿ. ಆ ಐದಾರರಲ್ಲಿ ಧಕಾರದ ಹೊಟ್ಟೆಯ ಸೀಳಿಗೆ ಎಷ್ಟು? ಒಂದು ಚುಕ್ಕಿ, ಅದೂ ಅರೆಬರೆ ಬೂದು. ಇಂಗ್ಲಿಷ್ ಅಕ್ಷರಗಳಿಗೆ ಈ ಕಷ್ಟ ಇಲ್ಲ, ಅವು ಒಂದೇ ಅಂತಸ್ತಿನ ಮನೆಗಳು. ನಮ್ಮ ಅಕ್ಷರಕ್ಕೆ ನೆಲಮಾಳಿಗೆಯೂ ಇದೆ, ಕೆಲವೊಮ್ಮೆ ಅದರಲ್ಲಿ ಎರಡು ಕೋಣೆ: ಶಾಸ್ತ್ರ, ರಾಷ್ಟ್ರ, ಸ್ವಾತಂತ್ರ್ಯ.

ಪರದೆಯನ್ನು ಎಷ್ಟೇ ದೊಡ್ಡದು ಮಾಡಿದರೂ ನೂರು ಪ್ರತಿಶತ ನೋಟದಲ್ಲಿ ಅದೇ 16 ಚುಕ್ಕಿ. 27 ಇಂಚಿನ ಪರದೆಯಲ್ಲಿ ಆ ಚುಕ್ಕಿಗಳೇ ದಪ್ಪವಾಗುತ್ತವೆ, ಹೆಚ್ಚಾಗುವುದಿಲ್ಲ. ಸೀಳು ಕಾಣಬೇಕಾದರೆ ನೋಟವನ್ನು ಇನ್ನೂರು ಪ್ರತಿಶತಕ್ಕೆ ಏರಿಸಬೇಕು. ಹಾಗಾದರೆ ಹಳೆಯದರಲ್ಲೇ ಏರಿಸಬಹುದಿತ್ತಲ್ಲ? ಏರಿಸುತ್ತಿದ್ದೆ. ತೊಂದರೆ ಇದ್ದದ್ದು ಅಗಲದಲ್ಲಿ. ನಾನು ಮಾಡುವ ಲಗ್ನಪತ್ರಿಕೆ ಬಿಚ್ಚಿದರೆ ಎ4 ಹಾಳೆಯಷ್ಟೇ ಅಗಲ, 210 ಮಿಲಿಮೀಟರ್. ಇನ್ನೂರು ಪ್ರತಿಶತದಲ್ಲಿ ಅದು 1588 ಚುಕ್ಕಿ ಬೇಡುತ್ತದೆ, ಪರದೆಯಲ್ಲಿ ಇದ್ದದ್ದು 1366. ಪ್ರತಿ ಸಾಲಿಗೂ ಬಲಕ್ಕೆ ಸರಿಸಿ ಎಡಕ್ಕೆ ಎಳೆಯಬೇಕು. ಇಪ್ಪತ್ತು ಸಾಲು ಹಾಗೆ ಎಳೆದಾಡಿದ ಮೇಲೆ ಯಾರಿಗಾದರೂ ಬೇಸರ ಬಂದು ಇಡೀ ಪುಟದ ನೋಟಕ್ಕೆ ಹೋಗಿಬಿಡುತ್ತಾರೆ. ನಾನು ಮಾಡಿದ್ದೂ ಅದನ್ನೇ. 1920 ಚುಕ್ಕಿ ಅಗಲದ ಪರದೆ ಇದ್ದರೆ ಇನ್ನೂರು ಪ್ರತಿಶತದಲ್ಲಿಯೂ ಇಡೀ ಸಾಲು ಕೂರುತ್ತದೆ, ಪಕ್ಕದಲ್ಲಿ ಪೇಜ್‌ಮೇಕರಿನ ಪಟ್ಟಿಗಳಿಗೂ ಮುನ್ನೂರು ಚುಕ್ಕಿ ಜಾಗ ಉಳಿಯುತ್ತದೆ. ಈ ಲೆಕ್ಕ ಕೈಗೆ ಸಿಕ್ಕ ದಿನ ನನಗಾದ ಸಂತೋಷ ಹೇಳತೀರದು.

1920ಕ್ಕಿಂತ ಹೆಚ್ಚು ಏಕೆ ಬೇಡ ಎಂಬುದಕ್ಕೆ ಉತ್ತರ ಸಿಪಿಯುವಿನ ಹಿಂಭಾಗದಲ್ಲಿತ್ತು. ಟಾರ್ಚ್ ಹಿಡಿದು ನೋಡಿದೆ: ಪರದೆಯ ತಂತಿ ಚುಚ್ಚುವ ಎರಡು ಪೋರ್ಟು, ಒಂದು ನೀಲಿ ವಿಜಿಎ, ಒಂದು ಬಿಳಿ ಡಿವಿಐ. ಎಚ್‌ಡಿಎಂಐ ಇಲ್ಲ. ಎರಡನೇ ತಲೆಮಾರಿನ ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸ್, ಡಿವಿಐ ದಾರಿಯಲ್ಲಿ 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತ, ಗರಿಷ್ಠ 1920 x 1200 ಚುಕ್ಕಿ ಕೊಡಬಲ್ಲದು. 2560 ಚುಕ್ಕಿಯ ಪರದೆಯನ್ನೋ 4ಕೆ ಪರದೆಯನ್ನೋ ತಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಅದು ಹಾಕಿದರೂ ವಿಂಡೋಸ್ 7, ಪೇಜ್‌ಮೇಕರ್ ಎರಡೂ ಅಷ್ಟು ಸಣ್ಣ ಚುಕ್ಕಿಗಳ ಕಾಲಕ್ಕೆ ಮೊದಲೇ ಬಂದವು. ಮೆನುವಿನ ಅಕ್ಷರ ಇರುವೆಯಷ್ಟಾಗುತ್ತದೆ. ದೊಡ್ಡದು ಮಾಡಲು ಹೋದರೆ ಕಿಟಕಿಗಳ ಗುಂಡಿಗಳು ಅಂಚಿನಲ್ಲಿ ಕತ್ತರಿಸಿ ಹೋಗುತ್ತವೆ. ಹಳೆಯ ಯಂತ್ರ ಇಟ್ಟುಕೊಂಡವರು ಮೊದಲು ಹಿಂಭಾಗದ ಪೋರ್ಟುಗಳ ಒಂದು ಫೋಟೊ ತೆಗೆದುಕೊಳ್ಳಬೇಕು. ಅಂಗಡಿಗೆ ಹೋಗುವಾಗ ನನ್ನ ಮೊಬೈಲಿನಲ್ಲಿ ಇದ್ದ ಬಲವಾದ ದಾಖಲೆ ಅದೇ.

ಹೊಸ ಮಾನಿಟರುಗಳಲ್ಲಿ ಡಿವಿಐ ಈಗ ಅಪರೂಪ. ವಿಜಿಎ ಕೆಲವದರಲ್ಲಿ ಇನ್ನೂ ಉಳಿದಿದೆ. ಆದರೆ ವಿಜಿಎ ತಂತಿಯಲ್ಲಿ ಹರಿಯುವುದು ಅನಲಾಗ್ ಸಂಕೇತ. 1920 ಚುಕ್ಕಿಯ ಹೊತ್ತಿಗೆ ತಂತಿ ಚೂರು ಕಳಪೆಯಾಗಿದ್ದರೂ ಅಕ್ಷರದ ಬೆನ್ನಿಗೆ ತೆಳುವಾದ ನೆರಳು ಮೂಡುತ್ತದೆ. ಡಿವಿಐಯಿಂದ ಎಚ್‌ಡಿಎಂಐಗೆ ಹೋಗುವ ತಂತಿ ಸಿಗುತ್ತದೆ. ಎರಡರ ಡಿಜಿಟಲ್ ಸಂಕೇತ ಒಂದೇ ಜಾತಿಯದ್ದಾದ್ದರಿಂದ ನಡುವೆ ಪೆಟ್ಟಿಗೆ, ಪರಿವರ್ತಕ ಯಾವುದೂ ಬೇಡ. ವಿಜಿಎ ಮಾತ್ರ ಇರುವ ಯಂತ್ರದವರು ಎಚ್‌ಡಿಎಂಐ ಮಾತ್ರ ಇರುವ ಪರದೆ ತಂದರೆ ಬರೀ ತಂತಿ ಸಾಲದು, ಸಂಕೇತವನ್ನು ಬದಲಿಸುವ ಪೆಟ್ಟಿಗೆಯೇ ಬೇಕು. ಅಂಥವರಿಗೆ ವಿಜಿಎ ಇರುವ ಮಾನಿಟರೇ ಲೇಸು.

ಕೊಪ್ಪಳದಲ್ಲಿ ನಾನು ವಿಚಾರಿಸಿದ ಎರಡು ಅಂಗಡಿಗಳಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಲು ಒಪ್ಪಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಮುನಿರಾಬಾದ್ ದಾಟಿ ಹೊಸಪೇಟೆಗೆ ಹೋದೆ. ಪರ್ಸಿನಲ್ಲಿ ಪೆನ್‌ಡ್ರೈವ್ ಇತ್ತು. ಅದರಲ್ಲಿ ಆ ಲಗ್ನಪತ್ರಿಕೆಯ ಪಿಡಿಎಫ್, ಗೆರೆ ಹಾಕಿದ ಒಂದು ರಸೀದಿ, ಜೊತೆಗೆ ಪರದೆ ತುಂಬುವ ಐದು ಚಿತ್ರ: ಬರೀ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ. ಸತ್ತ, ಅಂದರೆ ಬೆಳಗದ ಅಥವಾ ಬಣ್ಣ ಬದಲಿಸದ, ಚುಕ್ಕಿ ಇದ್ದರೆ ಈ ಐದರಲ್ಲಿ ಒಂದರಲ್ಲಾದರೂ ಸಿಕ್ಕಿಬೀಳುತ್ತದೆ.

ಅಂಗಡಿಯ ಹುಡುಗ ಮರ್ಯಾದಸ್ಥ. "ಅಕ್ಕ, ಇನ್ನೊಂದೆರಡು ಸಾವಿರ ಹಾಕಿದರೆ ಬಾಗಿದ ಪರದೆಯ 27 ಇಂಚಿನದು ಬರುತ್ತದೆ, 100 ಹರ್ಟ್ಜ್ ಬೇರೆ" ಎಂದ. ಅದರಲ್ಲೂ ನನ್ನ ಪತ್ರಿಕೆ ತೆರೆಸಿದೆ. ಅಡ್ಡಕ್ಕೆ ಅದೇ 1920 ಚುಕ್ಕಿ; ಇಂಚಿಗೆ ಲೆಕ್ಕ ಹಾಕಿದರೆ 82, ನನ್ನ ಹಳೆಯ ಪರದೆಯಲ್ಲೇ 85 ಇತ್ತು. ಅಕ್ಷರ ದೊಡ್ಡದು, ಅಂಚು ಒರಟು. ಬರೀ ಟೈಪಿಂಗ್ ಮಾಡುವ, ಕಣ್ಣು ಸೋತ ಹಿರಿಯರಿಗೆ ಅದು ಒಳ್ಳೆಯದೇ ಇರಬಹುದು. ರಸೀದಿಯ ನೇರ ಗೆರೆಗಳು ಬಾಗಿದ ಪರದೆಯಲ್ಲಿ ನೇರ ಇವೆಯೋ ಇಲ್ಲವೋ ಎಂಬ ಅನುಮಾನ ನನಗೆ ಬಂದ ಕ್ಷಣ ಅದನ್ನು ಬಿಟ್ಟೆ. 100 ಹರ್ಟ್ಜ್ ಎಂಬುದು ನನ್ನ ಯಂತ್ರ ಕೊಡಲಾರದ ವೇಗ, ಅದಕ್ಕೆ ಹಣ ಕೊಡುವುದು ಬಾವಿಯಿಲ್ಲದ ಹೊಲಕ್ಕೆ ಪಂಪ್‌ಸೆಟ್ ತಂದಂತೆ.

ಉಳಿದದ್ದು 21.5 ಇಂಚು, 23.8 ಇಂಚು ಇವೆರಡರ ನಡುವಿನ ಆಯ್ಕೆ. ಚುಕ್ಕಿ ಎರಡರಲ್ಲೂ ಅಷ್ಟೇ, 1920 x 1080. ಸಣ್ಣದರಲ್ಲಿ ಇಂಚಿಗೆ 102, ಅಕ್ಷರ ನುಣುಪು, ದೊಡ್ಡದರಲ್ಲಿ 93. ಮನಸ್ಸು ಸಣ್ಣದರ ಕಡೆ ವಾಲಿತ್ತು. ಅಷ್ಟರಲ್ಲಿ ಚೀಲದಲ್ಲಿದ್ದ ಎ4 ಹಾಳೆ ತೆಗೆದು ಪರದೆಗೆ ಹಿಡಿದೆ. 23.8 ಇಂಚಿನದರ ಎತ್ತರ ಹಾಳೆಯ ಎತ್ತರಕ್ಕೆ ಸರಿಯಾಗಿ ಕೂತಿತು, ಎರಡೂ ಹತ್ತಿರ ಹತ್ತಿರ 297 ಮಿಲಿಮೀಟರ್. ಎರಡು ಹಾಳೆ ಅಕ್ಕಪಕ್ಕ ಇಟ್ಟರೂ ಬದಿಯಲ್ಲಿ ನಾಲ್ಕು ಬೆರಳು ಜಾಗ. ಮೆನು ಪಟ್ಟಿಗಳು ಒಂದಿಷ್ಟು ಎತ್ತರ ತಿನ್ನುತ್ತವೆ, ನಿಜ. ಆದರೆ ಗಿರಾಕಿಗೆ "ನಿಮ್ಮ ಪತ್ರಿಕೆ ಇಷ್ಟು ದೊಡ್ಡದಾಗಿ ಬರುತ್ತದೆ" ಎಂದು ಹೆಚ್ಚುಕಡಿಮೆ ನಿಜವಾದ ಅಳತೆಯಲ್ಲಿ ತೋರಿಸುವ ಪರದೆ ನನ್ನ ಕಸುಬಿಗೆ ಬೇಕು. 1920 x 1200 ಚುಕ್ಕಿಯ 24 ಇಂಚಿನದು ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು, ಅದು ಆ ಅಂಗಡಿಯಲ್ಲಿ ಇರಲಿಲ್ಲ.

ಪ್ಯಾನೆಲ್, ಅಂದರೆ ಚಿತ್ರ ಮೂಡುವ ಹಲಗೆಯ, ವಿಷಯದಲ್ಲಿ ನಾನು ಹಟ ಹಿಡಿದದ್ದು ಐಪಿಎಸ್ ಎಂಬ ಬಗೆಗೆ. ಡಿಟಿಪಿ ಅಂಗಡಿಯಲ್ಲಿ ಪರದೆಯನ್ನು ಒಬ್ಬರೇ ನೋಡುವುದಿಲ್ಲ. ನಾನು ಎದುರಿಗೆ, ಗಿರಾಕಿ ಬಲಗಡೆಯ ಸ್ಟೂಲಿನ ಮೇಲೆ, ಅವರ ಹಿಂದೆ ನಿಂತು ಬಗ್ಗಿ ನೋಡುವ ಸೋದರಮಾವ. ಟಿಎನ್ ಎಂಬ ಬಗೆಯ ನನ್ನ ಹಳೆಯ ಪರದೆಯಲ್ಲಿ ನನಗೆ ಕಾಣುವ ಕುಂಕುಮಗೆಂಪು ಅವರಿಗೆ ಇಟ್ಟಿಗೆಯ ಬಣ್ಣವಾಗಿ ಕಾಣುತ್ತಿತ್ತು. "ಇನ್ನೂ ಕೆಂಪಾಗಲಿ, ಇನ್ನೂ ಕೆಂಪಾಗಲಿ" ಎನ್ನುತ್ತಿದ್ದರು, ಅಚ್ಚಾಗಿ ಬಂದಾಗ ಕಡುಗೆಂಪಾಯಿತೆಂದು ಮುನಿಸು. ಐಪಿಎಸ್‌ನಲ್ಲಿ ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕದಲುವುದಿಲ್ಲ. ಅಂಗಡಿಯಲ್ಲಿ ನಾನೇ ಬಲಕ್ಕೆ ಮೂರು ಹೆಜ್ಜೆ ಸರಿದು, ಕುಕ್ಕರಗಾಲಲ್ಲಿ ಕುಳಿತು, ನಿಂತು ನೋಡಿದೆ. ಪರದೆಯ ಮೈ ಹೊಳೆಯದಂತಿರಬೇಕು ಎಂಬುದು ಇನ್ನೊಂದು ಬೇಡಿಕೆ, ನನ್ನ ಶಟರ್ ಪಡುವಣಕ್ಕೆ ಮುಖ ಮಾಡಿದೆ. ಗುಣಮಟ್ಟದ ಮೂರು ವರ್ಷದ ಖಾತರಿ, ಜಿಎಸ್‌ಟಿ ಬಿಲ್ಲು ಸಮೇತ 8,800 ರೂಪಾಯಿ ಕೊಟ್ಟೆ. ತಂತಿಗೆ ಬೇರೆ 300.

ಸಂಜೆ ಜೋಡಿಸಿ ಹಚ್ಚಿದಾಗ ಎದೆ ಧಸಕ್ಕೆಂದಿತು. ಅಕ್ಷರಗಳು ಹಳೆಯದಕ್ಕಿಂತ ಮಬ್ಬು, ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣೆ, ಕಪ್ಪು ಎಂಬುದು ಬೂದಿಯ ಬಣ್ಣ. ಮರಳಿಸಿಬಿಡೋಣ ಎಂದೇ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಿದ್ದೆ. ಆಮೇಲೆ ಹೊಳೆಯಿತು: ಎಚ್‌ಡಿಎಂಐ ಹುಟ್ಟಿದ್ದು ಟಿ.ವಿ.ಗಾಗಿ. ಪರದೆ ಟಿ.ವಿ.ಯಂತೆ ಚಿತ್ರವನ್ನು ತುಸು ಹಿಗ್ಗಿಸಿತ್ತು, ಯಂತ್ರ ಎದುರಿಗೆ ಟಿ.ವಿ. ಇದೆ ಎಂದು ತಿಳಿದು ಕಪ್ಪು ಬಿಳುಪಿನ ವ್ಯಾಪ್ತಿಯನ್ನು ಕುಗ್ಗಿಸಿತ್ತು. ಮಾನಿಟರಿನ ಮೆನುವಿನಲ್ಲಿ ಹೀಗೆ ಹಿಗ್ಗಿಸುವ ಓವರ್‌ಸ್ಕ್ಯಾನ್ ನಿಲ್ಲಿಸಿದೆ. ಇಂಟೆಲ್ ಗ್ರಾಫಿಕ್ಸಿನ ಸೆಟ್ಟಿಂಗಿನಲ್ಲಿ ಬಣ್ಣದ ವ್ಯಾಪ್ತಿಯನ್ನು ಪೂರ್ತಿಗೆ ಇಟ್ಟೆ. ರೆಸಲ್ಯೂಷನ್ 1920 x 1080 ಎಂದೇ ಇರುವುದನ್ನು ಖಚಿತ ಮಾಡಿಕೊಂಡೆ. ಎಲ್‌ಸಿಡಿ ತನ್ನ ಸ್ವಂತ ಚುಕ್ಕಿಗಳ ಲೆಕ್ಕ ಬಿಟ್ಟು ಬೇರೆ ಯಾವುದರಲ್ಲೂ ಚೂಪಾಗಿ ಕಾಣದು. ಕೊನೆಗೆ ಅಕ್ಷರದ ಅಂಚನ್ನು ನುಣುಪಾಗಿಸುವ ವಿಂಡೋಸಿನ ಕ್ಲಿಯರ್‌ಟೈಪ್ ಹೊಂದಿಸುವ ಕಿಟಕಿ ತೆರೆದು, ಅದು ತೋರಿಸಿದ ಮಾದರಿಗಳಲ್ಲಿ ಕಣ್ಣಿಗೆ ಹಿತವಾದದ್ದನ್ನು ಆರಿಸುತ್ತ ಹೋದೆ. ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ ಗೊತ್ತಿಲ್ಲದೆ ಒಳ್ಳೆಯ ಪರದೆಯನ್ನು ಕೆಟ್ಟದ್ದೆಂದು ಎಷ್ಟು ಜನ ಮರಳಿಸಿದ್ದಾರೋ.

ಆಮೇಲೆ ಪತ್ರಿಕೆ ತೆರೆದು ಇನ್ನೂರು ಪ್ರತಿಶತಕ್ಕೆ ಏರಿಸಿದೆ. ಸಿದ್ದೇಶ. ಹೊಟ್ಟೆ ಸೀಳದ ಒತ್ತು, ಗೋಡೆಗೆ ಬರೆದಷ್ಟು ಸ್ಪಷ್ಟ. ತಿದ್ದಿದೆ. ಸಿದ್ಧೇಶ. ಇಡೀ ಸಾಲು ಒಂದೇ ನೋಟದಲ್ಲಿ, ವರನ ಹೆಸರಿನಿಂದ ವಧುವಿನ ಊರಿನವರೆಗೆ.

ಸ್ಟ್ಯಾಂಡ್ ತಗ್ಗಾಗಿತ್ತು, ಕುತ್ತಿಗೆ ಬಗ್ಗುತ್ತಿತ್ತು. ಎತ್ತರ ಬದಲಿಸುವ ಸ್ಟ್ಯಾಂಡಿನದಕ್ಕೆ ಬೆಲೆ ಹೆಚ್ಚು. ಎ4 ಕಾಗದದ ಎರಡು ರೀಮ್ ಕೆಳಗಿಟ್ಟೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಬೆಳಕನ್ನು ಪೂರ್ತಿಯಿಂದ ಇಳಿಸಿ, ಪಕ್ಕದಲ್ಲಿ ಹಿಡಿದ ಬಿಳಿ ಕಾಗದದಷ್ಟಕ್ಕೆ ತಂದಿದ್ದೇನೆ. ಏಪ್ರಿಲ್, ಮೇ ಬಂದರೆ ಇಲ್ಲಿ ತಾಪಮಾನ 40 ಡಿಗ್ರಿಯ ಆಸುಪಾಸು. ಅದಕ್ಕೇ ಹಿಂಭಾಗದ ಗಾಳಿಕಿಂಡಿಗಳಿಗೆ ಗೋಡೆಯಿಂದ ಗೇಣು ಜಾಗ ಬಿಟ್ಟಿದ್ದೇನೆ, ಧೂಳಿಗೆ ಒಣ ಬಟ್ಟೆ ಬಿಟ್ಟು ಬೇರೇನೂ ತಾಗಿಸುವುದಿಲ್ಲ.

ಹಳೆಯ ಪರದೆಯನ್ನು ಗುಜರಿಗೆ ಹಾಕಲಿಲ್ಲ. ಡಿವಿಐಗೆ ಹೊಸದು ಹೋದ ಮೇಲೆ ವಿಜಿಎ ಖಾಲಿ ಇತ್ತು, ಈ ಬೋರ್ಡ್ ಎರಡು ಪರದೆಗಳನ್ನು ಒಟ್ಟಿಗೆ ನಡೆಸುತ್ತದೆ. ಅದೀಗ ಎಡಗಡೆ ಕೂತಿದೆ. ಗಿರಾಕಿ ಬರೆದು ತಂದ ಚೀಟಿಯನ್ನು ಸ್ಕ್ಯಾನ್ ಮಾಡಿ ಅದರಲ್ಲಿ ತೆರೆದಿಡುತ್ತೇನೆ, ಹೊಸದರಲ್ಲಿ ಜೋಡಿಸುತ್ತೇನೆ. ಮೊನ್ನೆ ಭಾಗ್ಯನಗರದಿಂದ ಬಂದ ಅಜ್ಜಿಯೊಬ್ಬರು ಸ್ಟೂಲಿನ ಮೇಲೆ ಕುಳಿತು, ಎಡಗಡೆ ತಮ್ಮ ಕೈಬರಹ, ಬಲಗಡೆ ನನ್ನ ಅಕ್ಷರ ಎರಡನ್ನೂ ಬೆರಳಿಟ್ಟು ಹೆಸರು ಹೆಸರಾಗಿ ತಾಳೆ ನೋಡಿದರು. ಹದಿನೇಳು ಹೆಸರುಗಳಲ್ಲಿ ಎರಡು ತಪ್ಪು ಹಿಡಿದರು, ಒಂದು ನನ್ನದು, ಒಂದು ಅವರದೇ ಚೀಟಿಯದು. ಎರಡನ್ನೂ ಅಲ್ಲೇ ತಿದ್ದಿ ಅಚ್ಚಿಗೆ ಕಳಿಸಿದೆ.